ಗೈಡನಿಗೆ ಸಿಕ್ಕ ರವಿವಾರ

ರವಿವಾರ ಬಂತೆಂದರೆ ಊರಿಗೆಲ್ಲ ಸಂಭ್ರಮ, ನನಗೆ ಮಾತ್ರ ಗಂಟಲು ಕೆರೆತ. ನಾನು ಬಾದಾಮಿಯಲ್ಲಿ ಗೈಡು. ನೀವೆಲ್ಲ ರಜೆ ಸಿಕ್ಕಿತೆಂದು ಮಕ್ಕಳುಮರಿ, ನೀರಿನ ಬಾಟಲಿ ಕಟ್ಟಿಕೊಂಡು ನಮ್ಮೂರಿನ ಗವಿ ನೋಡಲು ಬರುವ ದಿನವೇ ನನಗೆ ಉಸಿರಾಡಲು ಪುರಸೊತ್ತಿಲ್ಲದ ದಿನ. ಇಪ್ಪತ್ತೆರಡು ವರ್ಷಗಳಿಂದ ನಿಮ್ಮ ರವಿವಾರ ಚೆಂದ ಮಾಡುವುದರಲ್ಲೇ ನನ್ನ ರವಿವಾರಗಳು ಮುಗಿದುಹೋದವು. ನನ್ನ ರಜೆ ಬುಧವಾರ. ಬುಧವಾರ ಮನೆಯಲ್ಲಿ ಯಾರಿರುತ್ತಾರೆ ಹೇಳಿ? ಹೆಂಡತಿ ಗಿರಿಜಾ ಚೊಳಚಗುಡ್ಡದ ಶಾಲೆಯಲ್ಲಿ ಟೀಚರು, ಮಗಳು ಸಹನಾ ಒಂಬತ್ತನೆಯ ತರಗತಿ. ಇಬ್ಬರೂ ಹೊರಬಿದ್ದ ಮೇಲೆ ಉಳಿಯುವುದು ನಾನು ಮತ್ತು ಪಕ್ಕದ ಮನೆಯ ಬೆಕ್ಕು. ಆ ಬೆಕ್ಕಿಗೆ ಚಾಲುಕ್ಯರ ವಂಶಾವಳಿ ಅರ್ಧ ಬಾಯಿಪಾಠವಾಗಿದೆ.

ಕಸುಬು ಮೈಗೆ ಅಂಟಿಕೊಂಡರೆ ಬಿಡುವುದಿಲ್ಲ ನೋಡಿ. ಗೈಡಾದವನು ಮಂದಿಯ ಕಡೆ ಮುಖ ಮಾಡಿ ಹಿಂದಕ್ಕೆ ಹಿಂದಕ್ಕೆ ನಡೆಯಬೇಕು, ನಡೆಯುತ್ತಲೇ ತಲೆ ಎಣಿಸಬೇಕು, ಯಾರೂ ಒಂದು ಕಡೆ ಬೇರೂರದಂತೆ ಮುಂದಕ್ಕೆ ದಬ್ಬಬೇಕು. ನಾನು ಇದನ್ನೆಲ್ಲ ಮನೆಯಲ್ಲೂ ಮಾಡುತ್ತೇನೆ. ಹೊಸ ನೆಂಟರು ಬಂದಾಗ ನಮ್ಮ ಅಡುಗೆಮನೆಯನ್ನು ಹಿಂದಕ್ಕೆ ನಡೆದುಕೊಂಡೇ ತೋರಿಸಿ ಹಿಟ್ಟಿನ ಡಬ್ಬಿಯ ಮೇಲೆ ಕುಳಿತವನು ನಾನು. ಇಳಕಲ್ಲಿನಲ್ಲಿ ಹೆಂಡತಿಯ ತಮ್ಮನ ಮದುವೆ ನಡೆದಾಗ, ಅಕ್ಷತೆ ಹಾಕಲು ವೇದಿಕೆ ಹತ್ತಿದವರಿಗೆ ಫೋಟೋಕ್ಕೆ ಎರಡೇ ನಿಮಿಷ, ಆಮೇಲೆ ಎಲ್ಲರೂ ಎಡಗಡೆಯಿಂದ ಇಳಿಯಿರಿ ಎಂದು ಕೂಗಿದೆ. ಇಳಿದವರಲ್ಲಿ ಮದುಮಗನೂ ಇದ್ದ. ಗಿರಿಜಾ ಆವತ್ತು ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ಅಂಥವಳು ಕೆಲವು ತಿಂಗಳ ಹಿಂದೆ ಕಾಳು ಆರಿಸುತ್ತ ಕುಳಿತವಳು ತಲೆ ಎತ್ತದೆ ಒಂದು ಮಾತು ಹೇಳಿದಳು. "ಮದಿವ್ಯಾಗಿ ಹದಿನಾರು ವರ್ಷಾತು. ಊರ ಮಂದಿಗೆಲ್ಲ ಗವಿ ತೋರಸ್ತೀರಿ, ನಾ ಒಮ್ಮಿನೂ ನಿಮ್ಮ ಜೋಡಿ ನೋಡಿಲ್ಲ. ಒಂದ ಐತ್ವಾರ ನನಗ ಗಂಡ ಬೇಕ್ರಿ, ಗೈಡ್ ಬ್ಯಾಡ." ಇದರ ಹಿಂದೆ ಒಂದು ಷರತ್ತೂ ಬಂತು. ಗವಿಯಲ್ಲಿ ಗೈಡಿನ ಒಂದೇ ಒಂದು ಮಾತು ನನ್ನ ಬಾಯಿಂದ ಬಿದ್ದರೂ ಅವಳು ಇನ್ನು ಮೇಲೆ ರವಿವಾರದ ಹೆಸರೇ ಎತ್ತುವುದಿಲ್ಲವಂತೆ. ಜಗಳವಾಡಿದ್ದರೆ ನಾನೂ ಜಗಳವಾಡುತ್ತಿದ್ದೆ. ಅವಳು ತಣ್ಣಗೆ ಹೇಳಿದ್ದೇ ನನಗೆ ಚುರುಕ್ಕೆಂದಿತು.

ಶನಿವಾರ ಸಂಜೆಯಿಂದಲೇ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂಗಿಗೆ ಎರಡೆರಡು ಸಲ ಇಸ್ತ್ರಿ ಹಾಕಿದೆ. ನಾಳೆ ನಾನು ಬರುವುದಿಲ್ಲ, ರಜೆ ಎಂದು ಜೊತೆಯ ಗೈಡು ಹುಸೇನನಿಗೆ ಹೇಳಿದರೆ ಆ ಪುಣ್ಯಾತ್ಮ ನನ್ನ ಹಣೆ ಮುಟ್ಟಿ ಜ್ವರ ನೋಡಿದ. ಬೆಳಿಗ್ಗೆ ಗಿರಿಜಾ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ ಎಲ್ಲವನ್ನೂ ಒಂದು ಬಟ್ಟೆಯಲ್ಲಿ ಗಂಟು ಕಟ್ಟಿದಳು. ಮೂವರೂ ಹೊರಟೆವು. ನಾನು ಎಲ್ಲರ ಹಾಗೆ ಮುಂದಕ್ಕೆ ನಡೆದೆ, ಎರಡು ಸಲ ಎಡವಿದೆ.

ಮೆಟ್ಟಿಲ ಬುಡದಲ್ಲೇ ಪರೀಕ್ಷೆ ಶುರುವಾಯಿತು. ಇಪ್ಪತ್ತೆರಡು ವರ್ಷಗಳಿಂದ ನಾನು ಅಲ್ಲಿ ನಿಂತು ಹೇಳುವ ಮೊದಲನೆಯ ಮಾತೇ ಮಂಗಗಳಿವೆ, ತಿನ್ನುವ ಸಾಮಾನು ಕೈಯಲ್ಲಿ ಹಿಡಿಯಬೇಡಿ ಎಂಬುದು. ಗಿರಿಜಾ ಗಂಟನ್ನು ಕೈಯಲ್ಲಿ ತೂಗಾಡಿಸುತ್ತ ಹತ್ತುತ್ತಿದ್ದಾಳೆ. ಕಟ್ಟೆಯ ಮೇಲೆ ಕುಂಟ ಮಂಗ ಕುಳಿತಿದ್ದಾನೆ, ನನಗೆ ಖಾಸಾ ಪರಿಚಯದವನು. ಹೇಳಿದರೆ ಗೈಡಿನ ಮಾತು, ಹೇಳದಿದ್ದರೆ ರೊಟ್ಟಿ ಹೋಯಿತು. ಹಲ್ಲು ಕಚ್ಚಿ ಸುಮ್ಮನಿದ್ದೆ. ರೊಟ್ಟಿ ಹೋಯಿತು. ಮಂಗ ಬರುವುದು ಗೊತ್ತಿದ್ದೂ ಬಾಯಿ ಬಿಡಲಿಲ್ಲವಲ್ಲ ಎಂದು ಗಿರಿಜಾ ನನ್ನನ್ನೇ ಬೈದಳು. ಸಹನಾ ಮಾತ್ರ ನಗು ತಡೆಯಲಾರದೆ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ಮೊದಲನೆಯ ಗವಿಯಲ್ಲಿ ಹುಸೇನ ಒಂದು ಗುಂಪು ಕಟ್ಟಿಕೊಂಡು ನಿಂತಿದ್ದ. ಗಿರಿಜಾಳ ಷರತ್ತಿನ ಸುದ್ದಿ ಅವನಿಗೆ ಹೇಗೋ ಮುಟ್ಟಿತ್ತು. ನನ್ನನ್ನೇ ನೋಡುತ್ತ, ಹದಿನೆಂಟು ಕೈಯ ನಟರಾಜನಿಗೆ ಎರಡು ಕೈ ಕಡಿಮೆ ಮಾಡಿ ಹದಿನಾರು ಎಂದ. ತಿದ್ದಲು ನಾನು ಒಂದು ಹೆಜ್ಜೆ ಮುಂದಿಟ್ಟೆ. ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ನಾವು ಆಚೆ ಹೋದ ಮೇಲೆ ಆ ಎರಡು ಕೈಗಳನ್ನು ವಾಪಸ್ಸು ಕೊಟ್ಟನಂತೆ, ಕಳ್ಳ.

ಮೂರನೆಯ ಗವಿ ಮುಟ್ಟುವಷ್ಟರಲ್ಲಿ ಗಿರಿಜಾ ದಣಿದಿದ್ದಳು, ಜಗುಲಿಯ ಮುಂದೆ ನೆಲದ ಮೇಲೆ ಕುಳಿತಳು. ನಾನೂ ಕುಳಿತೆ. ನಿಮಗೆ ಇದು ದೊಡ್ಡ ಮಾತಲ್ಲದಿರಬಹುದು, ಆದರೆ ಆ ಜಾಗದಲ್ಲಿ ನಾನು ಹುಟ್ಟಿದ ಮೇಲೆ ಕುಳಿತದ್ದು ಅದೇ ಮೊದಲು. ತಂಪು ಗಾಳಿ, ಕೆಳಗೆ ಹೊಂಡದ ನೀರು, ಪಕ್ಕದಲ್ಲಿ ಹೆಂಡತಿ, ಮಗಳು. ಇಷ್ಟು ವರ್ಷ ಇದನ್ನೆಲ್ಲ ಬೇರೆಯವರಿಗೆ ಹಂಚಿದೆನಲ್ಲ ಎನ್ನಿಸಿ ಖುಷಿಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಆಗ ಗಿರಿಜಾ ಜಗುಲಿಯ ಅಡಿಗೆ ಕೆತ್ತಿದ ಕುಳ್ಳ ಗಣಗಳ ಸಾಲಿನಲ್ಲಿ ಒಂದರ ಕಡೆ ಬೆರಳು ಮಾಡಿದಳು.

"ಇಂವ ಬಾಯಿ ತಕ್ಕೊಂಡ ನಿಂತಾನ, ಬಾಜೂದಾಂವ ಮಾರಿ ಆಕಡೆ ಮಾಡ್ಯಾನ. ಯಾಕ್ರಿ?"

ನಾನು ಬಗ್ಗಿ ನೋಡಿದೆ. ಖರೆ, ಒಬ್ಬ ಕೈ ಎತ್ತಿ ಏನೋ ಒದರುತ್ತಿದ್ದಾನೆ, ಇನ್ನೊಬ್ಬ ಸಾಕುಸಾಕಾಗಿ ಮುಖ ಆಚೆ ತಿರುಗಿಸಿದ್ದಾನೆ. ಅವರಿಬ್ಬರನ್ನು ನಾನು ಎಂದೂ ನೋಡಿರಲಿಲ್ಲ. ನೋಡುವುದಾದರೂ ಹೇಗೆ? ಇಪ್ಪತ್ತೆರಡು ವರ್ಷ ಅದೇ ಗೋಡೆಗೆ ಬೆನ್ನು ಕೊಟ್ಟು, ಮಂದಿಯ ಮುಖ ನೋಡುತ್ತ ಮಾತಾಡಿದ್ದೇನೆ. ಬಾಯಲ್ಲಿ ಏನೇನೋ ಶತಮಾನಗಳು ಬಂದವು. ಎಲ್ಲವನ್ನೂ ನುಂಗಿ ಗೊತ್ತಿಲ್ಲ ಎಂದೆ.

ಗಿರಿಜಾ ನನ್ನನ್ನೇ ನೋಡಿದಳು. ಆಮೇಲೆ ಮದುವೆಯಾದ ಹೊಸತರಲ್ಲಿ ನಕ್ಕ ಹಾಗೆ ನಕ್ಕಳು. "ಇವತ್ತ ಖರೇ ಐತ್ವಾರ ಆತು ನೋಡ್ರಿ," ಎಂದಳು.

ಈಗ ತಿಂಗಳಿಗೊಂದು ರವಿವಾರ ನನಗೆ ರಜೆ. ಮನೆಮಂದಿಯ ಜೊತೆ ಕಾಲ ಕಳೆಯಬೇಕು ನೋಡಿ, ಕೆಲಸ ಯಾವಾಗಲೂ ಇದ್ದದ್ದೇ. ಮೂವರೂ ಹೋಗಿ ಗವಿಯಲ್ಲಿ ಕೂರುತ್ತೇವೆ. ಗಿರಿಜಾ ಅದೇನು, ಇದೇನು ಎಂದು ಬೆರಳು ಮಾಡುತ್ತಾಳೆ. ನಾನು ಬಾಯಿಮುಚ್ಚಿ ಒಂದೊಂದನ್ನೂ ನೆನಪಿಟ್ಟುಕೊಳ್ಳುತ್ತೇನೆ. ಸೋಮವಾರ ಅದೇ ಕುಳ್ಳರ ಮುಂದೆ ನಿಂತು, ಇದು ಯಾವ ಗೈಡಿಗೂ ಗೊತ್ತಿಲ್ಲ, ಇಪ್ಪತ್ತೆರಡು ವರ್ಷದ ನನ್ನ ಸ್ವಂತ ಸಂಶೋಧನೆ ಎಂದು ಕೈ ಎತ್ತಿ ಹೇಳುತ್ತೇನೆ. ಗುಂಪಿನಲ್ಲಿ ಯಾರಾದರೊಬ್ಬರು ಮಾರಿ ಆಕಡೆ ಮಾಡಿಯೇ ಇರುತ್ತಾರೆ.