ಶ್! ಸಾಹೇಬ್ರು ಮಲಗಿದ್ದಾರೆ

ಕುಮಟೆಯಲ್ಲಿ ನಡೆದ ತರಬೇತಿ ಶಿಬಿರಕ್ಕೆ ಧಾರೇಶ್ವರದ ರಮಾನಂದ ಹೋದದ್ದು ಅಲ್ಲಿ ಊಟ ಇದೆ ಎಂಬ ಒಂದೇ ಕಾರಣಕ್ಕೆ. ಬರುವಾಗ ಮಾತ್ರ ಜ್ಞಾನೋದಯವಾಗಿತ್ತು. 'ಸಣ್ಣ ಲಾಡ್ಜುಗಳು ಹೊಸ ಕಾಲದ ಪ್ರವಾಸಿಗರನ್ನು ಮೆಚ್ಚಿಸುವುದು ಹೇಗೆ' ಎಂಬ ವಿಷಯದ ಮೇಲೆ ಟೈ ಕಟ್ಟಿದ ಯುವಕನೊಬ್ಬ ಬೆಳಗಿನಿಂದ ಊಟದ ತನಕ ಹೇಳಿದ್ದರ ಸಾರ ಇಷ್ಟು: ರೂಮು ಎಲ್ಲಿಯೂ ಸಿಗುತ್ತದೆ, ಅಕ್ಕರೆ ಸಿಗುವುದಿಲ್ಲ, ಅಕ್ಕರೆ ಕೊಡಿ, ಅತಿಥಿ ಬಾಯಿ ಬಿಡುವ ಮೊದಲೇ ಕೊಡಿ. ಊಟದ ನಂತರದ ಭಾಷಣದ ವಿಷಯ 'ಅತಿಥಿಯನ್ನು ಅವನ ಪಾಡಿಗೆ ಬಿಡುವುದು ಹೇಗೆ' ಎಂಬುದಾಗಿತ್ತಂತೆ. ಅಷ್ಟು ಹೊತ್ತಿಗೆ ರಮಾನಂದ ಹೊನ್ನಾವರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು, ಪಾಯಸದ ತೇಗು ತೇಗುತ್ತ, ಅಕ್ಕರೆಯನ್ನು ಯಾರಿಗೆ ಕೊಡಲಿ ಎಂದು ಯೋಚಿಸುತ್ತಿದ್ದ.

ಕೊಡಲು ಜನವೇ ಇರಲಿಲ್ಲ. ಹೆದ್ದಾರಿಯ ಪಕ್ಕದ ಅವನ ಲಾಡ್ಜಿಗೆ ಬರುತ್ತಿದ್ದವರು ದೇವಸ್ಥಾನಕ್ಕೆ ಬಂದು ಕೊನೆಯ ಬಸ್ಸು ತಪ್ಪಿಸಿಕೊಂಡವರು, ಇಲ್ಲವೇ ಲಾರಿ ಕೆಟ್ಟು ನಿಂತ ಡ್ರೈವರುಗಳು. ಕೊಂಕಣ ರೈಲು ಶುರುವಾದ ಮೇಲಂತೂ ಪ್ರವಾಸಿಗರು ಧಾರೇಶ್ವರದ ಕಡೆ ತಿರುಗಿಯೂ ನೋಡದೆ ಗೋಕರ್ಣಕ್ಕೋ ಗೋವೆಗೋ ಹೋಗಿಬಿಡುತ್ತಿದ್ದರು. ರಮಾನಂದ ಕಮೋಡು ಕೂರಿಸಿದ. 'ಬ್ಲೂ ವೇವ್ ಹಾಲಿಡೇ ಹೋಮ್' ಎಂದು ಬೋರ್ಡು ಬರೆಸಿದ. ಸಮುದ್ರ ನೋಡಬೇಕಾದರೆ ನೀರಿನ ಟಾಂಕಿ ಹತ್ತಬೇಕಾಗಿತ್ತು, ಆ ಮಾತು ಬೇರೆ.

ರಸ್ತೆಯ ಆಚೆ ಬದಿಗೆ ಇನ್ನೊಂದು ಲಾಡ್ಜು. ಅದು ರಮಾನಂದನ ಹೆಂಡತಿ ಮಾಲತಿಯ ಅಣ್ಣ ಮಹಾಬಲನದು. ಅದಕ್ಕೆ ಬೋರ್ಡಿಲ್ಲ, ಗೋಡೆಯ ಮೇಲೆ ಸುಣ್ಣದಲ್ಲಿ 'ರೂಮು ಇದೆ' ಎಂದು ಬರೆದದ್ದು ಬಿಟ್ಟರೆ ಬೇರೆ ಪ್ರಚಾರವಿಲ್ಲ. ಮಹಾಬಲ ಬೆಳಿಗ್ಗೆ ದುಡ್ಡಿನ ಗಲ್ಲೆಯ ಮೇಲೆ ಕೂತು ಕಣ್ಣು ಮುಚ್ಚಿದರೆ ಸಂಜೆ ದೀಪ ಹಚ್ಚುವಾಗಲೇ ತೆರೆಯುವುದು. ಆದರೂ ಅವನ ತಂದೆ ಬಿಟ್ಟುಹೋದ ತೆಂಗಿನ ಹಿತ್ತಲು ಅವನನ್ನು ಸಾಕುತ್ತಿತ್ತು. ರಮಾನಂದನನ್ನು ಸಾಕಲು ಏನೂ ಇರಲಿಲ್ಲ.

"ಇದೊಂದು ಸಲ ನೋಡ್ವಾ," ಎಂದಿದ್ದಳು ಮಾಲತಿ. "ಇದೂ ಆಗ್ಲಿಲ್ಲ ಅಂದ್ರೆ ಲಾಡ್ಜಿಗೆ ಬಾಗ್ಲು ಹಾಕಿ ಸುಮ್ನೆ ನಮ್ಮಣ್ಣನ ಗಲ್ಲೆ ಮೇಲೆ ಕೆಲ್ಸಕ್ಕೆ ಕುಂತ್ಕಳಿ."

ಹೆಂಡತಿಯ ಅಣ್ಣನ ಕೈಕೆಳಗೆ ಸಂಬಳಕ್ಕೆ ಕೂರುವುದಕ್ಕಿಂತ ಶರಾವತಿಗೆ ಹಾರುವುದು ಮೇಲು ಎಂದು ರಮಾನಂದನ ಅಭಿಪ್ರಾಯ. 'ಇದೊಂದು ಸಲ' ಎಂದರೆ ಹುಬ್ಬಳ್ಳಿಯ ಪ್ರವಾಸಿ ಕಂಪನಿಯೊಂದರ ಮ್ಯಾನೇಜರು ಲಾಡ್ಜು ನೋಡಲು ಬರುವವರಿದ್ದರು. ಅವರು ಒಪ್ಪಿದರೆ ವಾರವಾರವೂ ಬಸ್ಸು ತುಂಬ ಪ್ರವಾಸಿಗರು ಬಂದು ಇಳಿಯುತ್ತಾರೆ. ಒಪ್ಪದಿದ್ದರೆ ಭಾವನ ಗಲ್ಲೆ.

ಮ್ಯಾನೇಜರ್ ಹಂಪಿಹೊಳಿ ಬೆಳಿಗ್ಗೆ ಬಸ್ಸಿನಿಂದ ಇಳಿದಾಗ ಅವರ ಕಣ್ಣು ಕೆಂಡದಂತಿದ್ದವು.

"ರಾತ್ರಿ ಇಡೀ ದೇವಿಮನಿ ಘಾಟಿನ್ಯಾಗ ಬಸ್ ಕೆಟ್ಟು ನಿಂತಿತ್ತರೀ. ಕಣ್ಣಿಗೆ ಕಣ್ಣು ಹತ್ತಿಲ್ಲ. ಮೊದಲ ಚೊಲೋತ್ನಂಗ ಒಂದು ನಿದ್ದಿ ಮಾಡತೇನಿ. ಸಂಜಿಗೆ ಎದ್ದು ಎಲ್ಲಾ ನೋಡೋಣು. ಅಲ್ಲೀತನಕ ನನಗೇನೂ ಬ್ಯಾಡ್ರಿ," ಎಂದರು.

ಅವರು ಮಾಡಿದ ತಪ್ಪು ಇದೇ. ಈ ಕಡೆ ಅತಿಥಿಯ 'ಬೇಡ'ಕ್ಕೆ ಒಂದು ಲೆಕ್ಕವಿದೆ. ಮೊದಲ ಬೇಡ ಸಂಕೋಚದ್ದು. ಎರಡನೆಯದು ಮರ್ಯಾದೆಯದು. ಮೂರನೆಯದು ಬಡಿಸುವವರ ಪ್ರೀತಿ ಎಷ್ಟಿದೆ ಎಂದು ಪರೀಕ್ಷಿಸುವುದಕ್ಕೆ. ಉಣ್ಣುವವನು ಬಾಳೆಯೆಲೆಯ ಮೇಲೆ ಅಡ್ಡ ಬಿದ್ದರೆ ಮಾತ್ರ ಅವನಿಗೆ ನಿಜವಾಗಿ ಬೇಡ ಎಂದು ತಿಳಿಯುವ ಪದ್ಧತಿ. ಹಂಪಿಹೊಳಿಯವರ ಎದುರು ಎಲೆಯೇ ಇರಲಿಲ್ಲವಾದ್ದರಿಂದ ರಮಾನಂದ ಕಣ್ಣು ಮಿಟುಕಿಸಿ ನಕ್ಕ.

"ಆತು ಆತು ಸಾಹೇಬ್ರೇ, ನಿಮ್ಗೆ ಎಂತಾ ಬೇಡ!" ಎಂದವನೇ ಪಕ್ಕದ ಮನೆಯ ನರ್ಮದಕ್ಕನಿಗೆ ಸನ್ನೆ ಮಾಡಿದ.

ನರ್ಮದಕ್ಕ ಊರಿನ ಯಾವ ಮದುವೆಯಲ್ಲೂ ಸೆರಗು ಸಿಕ್ಕಿಸಿ ಬಡಿಸಲು ಮೊದಲು ನಿಲ್ಲುವವಳು. ಆರತಿ ಬೆಳಗಿದಳು, ಕುಂಕುಮ ಹಚ್ಚಿದಳು, ಬೆಲ್ಲ ನೀರು ಕುಡಿಸಿದಳು. ಹಂಪಿಹೊಳಿಯವರು ಮಹಡಿಯ ರೂಮು ಸೇರಿ ಅಂಗಿ ಬಿಚ್ಚಿ ಮಂಚದ ಮೇಲೆ ಬಿದ್ದು ಇನ್ನೇನು ಕಣ್ಣು ಮುಚ್ಚಬೇಕು, ಬಾಗಿಲು ಟಕಟಕ ಎಂದಿತು.

"ಫ್ಯಾನ್ ಸರಿ ತಿರುಗ್ತದ್ಯಾ ಸಾಹೇಬ್ರೇ?" ರಮಾನಂದ.

"ತಿರಗತೈತಿ."

ಎರಡನೆಯ ಸಲ ಟಕಟಕ. ರಮಾನಂದ ಒಳಗೆ ಬಂದು ಕಮೋಡಿನ ನೀರು ಹೇಗೆ ಬಿಡಬೇಕೆಂದು ಬಿಟ್ಟು ತೋರಿಸಿ ಹೋದ. ಮೂರನೆಯ ಸಲ ಟಕಟಕ. ನರ್ಮದಕ್ಕ ಬಿಸಿ ಬಿಸಿ ಬನ್ಸು ತಂದಿದ್ದಳು.

"ಬ್ಯಾಡ್ರಿ ಅಕ್ಕಾರ, ನನಗ ಹಸಿವಿಲ್ಲ."

"ಅಯ್ಯೋ ತಮಾ, ಬನ್ಸು ತಿನ್ನೂಕೆ ಹಸಿವು ಎಂತಕ್ಕೆ?" ಎಂದು ನರ್ಮದಕ್ಕ ಕುರ್ಚಿ ಎಳೆದು ಎದುರಿಗೇ ಕೂತಳು. ಕೊನೆಯ ತುತ್ತು ಗಂಟಲು ಇಳಿಯುವ ತನಕ ಅವಳು ಏಳಲಿಲ್ಲ. ನಡುವೆ ತನ್ನ ಮೊಣಕಾಲು ನೋವಿನ ಚರಿತ್ರೆಯನ್ನೂ ಹೇಳಿ ಮುಗಿಸಿದಳು.

"ಮಲಗೂಕೆ ಬಿಡಿ ಅವ್ರನ್ನ," ಎಂದಳು ಮಾಲತಿ ಅಡಿಗೆಮನೆಯಿಂದ.

"ನೀ ಶಿಬಿರಕ್ಕೆ ಹೋಗಿದ್ಯಾ? ಇಲ್ಲ ಅಲ್ದಾ? ಸುಮ್ನಿರು," ಎಂದ ರಮಾನಂದ. ಹೊಸ ಕಾಲದ ಪ್ರವಾಸಿಗರಿಗೆ ಸ್ಥಳೀಯ ಅನುಭವ ಕೊಡಬೇಕೆಂದೂ ಟೈ ಕಟ್ಟಿದವನು ಹೇಳಿದ್ದ. ಅದನ್ನು ಕೊಡುವ ಕೆಲಸವನ್ನು ರಮಾನಂದ ತನ್ನ ಜೀವದ ಗೆಳೆಯ ಗಣಪಿಗೆ ವಹಿಸಿದ್ದ. ಗಣಪಿ ದುಡಿಮೆ ಒಂದನ್ನು ಬಿಟ್ಟು ಉಳಿದೆಲ್ಲ ವಿದ್ಯೆ ಬಲ್ಲವನು.

ನಾಲ್ಕನೆಯ ಟಕಟಕಕ್ಕೆ ಹಂಪಿಹೊಳಿಯವರು ಬಾಗಿಲು ತೆರೆದರೆ ಎದುರಿಗೆ ಗಣಪಿ, ಅವನ ಕೈಯಲ್ಲಿ ಬಕೀಟು. ಬಕೀಟಿನೊಳಗೆ ಏಡಿಗಳು ಕರಕರ ಎನ್ನುತ್ತಿದ್ದವು.

"ಜೀವ ಇದ್ದದ್ದೇ ತಂದಿದ್ದೆ ಸಾಹೇಬ್ರೇ. ನಿಮ್ಗೆ ಯಾವ್ದು ಬೇಕು, ಕೈ ಮಾಡಿ ತೋರ್ಸಿ. ಮಧ್ಯಾಹ್ನ ಸುಕ್ಕ ಮಾಡ್ಸುವಾ."

"ನಾ ಕೋಳಿ ತತ್ತೀನೂ ತಿನ್ನಂಗಿಲ್ಲೋ ಮಾರಾಯಾ!" ಎಂದು ಹಂಪಿಹೊಳಿಯವರು ಹಿಂದಕ್ಕೆ ಹಾರಿದರು. ಅವರು ಹಾರಿದ ರಭಸಕ್ಕೆ ಗಣಪಿಯೂ ಹೆದರಿ ಹಾರಿದ. ಬಕೀಟು ಮಗುಚಿತು. ಏಡಿಗಳು ದಿಕ್ಕಿಗೊಂದರಂತೆ ಓಡಿ, ಒಂದು ಮಂಚದ ಅಡಿಗೆ, ಇನ್ನೊಂದು ಸಾಹೇಬರ ಬೂಟಿನೊಳಗೆ, ಮತ್ತೊಂದು ಹೊಸ ಕಮೋಡಿನ ಹಿಂದೆ ಸೇರಿಕೊಂಡವು. ರಮಾನಂದ ಮತ್ತು ಗಣಪಿ ಮೊಣಕಾಲೂರಿ ರೂಮೆಲ್ಲ ಹರಿದಾಡುವಾಗ ಹಂಪಿಹೊಳಿಯವರು ಬನಿಯನ್ನಿನಲ್ಲಿ ಮೇಜಿನ ಮೇಲೆ ನಿಂತಿದ್ದರು. ನಿಂತಲ್ಲೇ ಅವರ ಕಣ್ಣು ಎಳೆಯುತ್ತಿತ್ತು.

ಕೊನೆಯ ಏಡಿ ಬಕೀಟು ಸೇರಿದಾಗ ಅವರು ಮೇಜಿನ ಮೇಲಿಂದಲೇ ಕೈ ಮುಗಿದರು. "ರಮಾನಂದರ, ನಿಮ್ಮ ಕಾಲು ಹಿಡೀತೇನಿ. ನನಗ ತಿಂಡಿ ಬ್ಯಾಡ, ಏಡಿ ಬ್ಯಾಡ, ಸಮುದ್ರ ಬ್ಯಾಡ. ನಿದ್ದಿ ಬೇಕು. ನಿದ್ದಿ! ನಿದ್ದಿ!"

ಆಗ ರಮಾನಂದನಿಗೆ ಅರ್ಥವಾಯಿತು. ಕಣ್ಣಲ್ಲಿ ನೀರೇ ಬಂತು. "ಮೊದ್ಲೇ ಹೇಳೂಕೆ ಆಗ್ತಿರ್ಲಿಲ್ವಾ ಸಾಹೇಬ್ರೇ? ನಿದ್ದೆ ಅಲ್ದಾ? ಕೊಡ್ವಾ. ಹುಬ್ಬಳ್ಳಿಲಿ ಕೂಡ ಸಿಗೂದಿಲ್ಲ, ಅಂಥಾ ನಿದ್ದೆ ಕೊಡ್ತೆ."

ನಿದ್ದೆ ಕೊಡುವ ಕೆಲಸ ಯುದ್ಧದ ತಯಾರಿಯಂತೆ ನಡೆಯಿತು. ನರ್ಮದಕ್ಕನನ್ನು ಕಿಟಕಿಯ ಕೆಳಗೆ ಕಾವಲು ಕೂರಿಸಲಾಯಿತು. ಕಾಗೆ ಕೂಗಿದರೆ ಅವಳು "ಹುಶ್! ಹುಶ್!" ಎಂದು ಕಾಗೆಗಿಂತ ಜೋರಾಗಿ ಕೂಗಿದಳು. ಅಷ್ಟರಲ್ಲಿ ಮೀನು ಮಾರುವ ಲಕ್ಕಿ ಬುಟ್ಟಿ ಹೊತ್ತು ಬಂದಳು.

"ಬಂಗ್ಡೇ... ಹಸೀ ಬಂಗ್ಡೇ..."

"ಏ ಲಕ್ಕೀ! ಬಾಯಿ ಮುಚ್ಚೇ! ಸಾಹೇಬ್ರು ಮಲಗಿದ್ದಾರೆ!" ನರ್ಮದಕ್ಕನ ಕೂಗು ದೇವಸ್ಥಾನದ ತನಕ ಕೇಳಿತು.

"ನಿನ್ನ ಸಾಹೇಬ್ರು ಮಲಗಿದ್ರೆ ನನ್ನ ಬಂಗ್ಡೆನೂ ಮಲಗ್ಬೇಕಾ?" ಎಂದು ಲಕ್ಕಿ ಬುಟ್ಟಿ ಇಳಿಸಿ ಸೊಂಟಕ್ಕೆ ಕೈಯಿಟ್ಟಳು. ಕಿಟಕಿಯ ಕೆಳಗೇ ಹಳೆಯ ಜಗಳಗಳೆಲ್ಲ ಹೊರಗೆ ಬಿದ್ದವು.

ಅತ್ತ ಗಣಪಿ ಹೆದ್ದಾರಿಯ ನಡುವೆ ನಿಂತು, ಟವೆಲು ಬೀಸಿ, ಒಂದು ಲಾರಿಯನ್ನು ನಿಲ್ಲಿಸಿ, "ಹಾರ್ನ್ ಹೊಡೀಬೇಡ ಮಾರಾಯಾ, ಸಾಹೇಬ್ರು ಮಲಗಿದ್ದಾರೆ," ಎಂದು ಡ್ರೈವರಿಗೆ ತಿಳಿಹೇಳುತ್ತಿದ್ದ. ಡ್ರೈವರು ಪಂಜಾಬದವನು. ಅವನಿಗೆ ತಿಳಿಯುವಷ್ಟರಲ್ಲಿ ಹಿಂದೆ ಭಟ್ಕಳದ ತನಕ ವಾಹನಗಳು ನಿಂತಿವೆಯೇನೋ ಎಂಬಂತೆ ಹಾರ್ನುಗಳೆಲ್ಲ ಒಟ್ಟಿಗೆ ಬಡಿದುಕೊಂಡವು.

ರಮಾನಂದನಿಗೆ ಜೀವ ತಡೆಯಲಿಲ್ಲ. ತುದಿಗಾಲಲ್ಲಿ ಮೆಟ್ಟಿಲು ಹತ್ತಿ ಮೆಲ್ಲಗೆ ಬಾಗಿಲು ಬಡಿದ.

"ಸಾಹೇಬ್ರೇ, ನಿದ್ದೆ ಬಂತಾ?"

"ಬಂದಿತ್ತು!" ಎಂದು ಒಳಗಿನಿಂದ ಗರ್ಜನೆ.

ರಮಾನಂದ ಕೆಳಗಿಳಿದು ಸ್ವಲ್ಪ ಹೊತ್ತು ಕಾದು ಮತ್ತೆ ಹತ್ತಿದ. "ಈಗ ಬಂತಾ ಸಾಹೇಬ್ರೇ?"

ಉತ್ತರವಿಲ್ಲ. ರಮಾನಂದನ ಎದೆ ಹಿಗ್ಗಿತು. ಖಾತ್ರಿ ಮಾಡಿಕೊಳ್ಳಲು ಬಾಗಿಲು ದೂಡಿ ನೋಡಿದ. ಮಂಚ ಖಾಲಿ. ಬ್ಯಾಗಿಲ್ಲ, ಬೂಟಿಲ್ಲ. ಹಿಂಬದಿಯ ಮೆಟ್ಟಿಲಿನ ಬಾಗಿಲು ಹಾರು ಹೊಡೆದಿತ್ತು.

"ಸಮುದ್ರದ ಬದಿಗೆ ಹೋದ್ರೋ ಎಂತದೋ," ಎಂದ ಗಣಪಿ. "ಜೀವ ಬೇಜಾರಾಗಿತ್ತು ಅವ್ರಿಗೆ, ಮೇಜಿನ ಮೇಲೆ ನಿಂತಾಗ್ಲೇ ನೋಡಿದ್ದೆ."

ಗಲ್ಲೆಯ ಮಾತು ಹಾಗಿರಲಿ, ಈಗ ಜೈಲಿನ ಮಾತು ಬಂತಲ್ಲ ಎಂದು ರಮಾನಂದ ದಂಡೆಗೆ ಓಡಿದ. ಅವನ ಹಿಂದೆ ಗಣಪಿ, ಗಣಪಿಯ ಹಿಂದೆ ನರ್ಮದಕ್ಕ, ಅವಳ ಹಿಂದೆ ಜಗಳ ಇನ್ನೂ ಮುಗಿಯದ ಲಕ್ಕಿ. ಮೀನುಗಾರರು ದೋಣಿ ನೂಕಿದರು. "ಸಾಹೇಬ್ರೇ! ಓ ಸಾಹೇಬ್ರೇ!" ಎಂದು ಎಲ್ಲರೂ ಅಲೆಗಳಿಗೆ ಕೂಗಿ ಕೂಗಿ ಗಂಟಲು ಹರಿದುಕೊಂಡರು.

"ಯಾವ ಸಾಹೇಬ್ರು?" ಎಂದಳು ಲಕ್ಕಿ. "ಬೂಟು ಕೈಯಲ್ಲಿ ಹಿಡ್ಕಂಡು ಓಡಿದ್ರಲ್ಲ, ಅವ್ರಾ? ಅವ್ರು ಮಹಾಬಲಣ್ಣನ ಲಾಡ್ಜಿಗೆ ಹೋದ್ರು. ಆವಾಗಿಂದ ಹೇಳೂಕೆ ನೋಡ್ತೇ ಇದ್ದೆ. ಬಾಯಿ ತೆಗೆದ್ರೆ ಬಾಯಿ ಮುಚ್ಚು ಅಂತ್ರಿ!"

ಮಹಾಬಲ ಗಲ್ಲೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದ. ಹಂಪಿಹೊಳಿಯವರು ಬಂದು ರೂಮು ಕೇಳಿದಾಗಲೂ ಅವನು ಕಣ್ಣು ತೆರೆದಿರಲಿಲ್ಲ. ತಡಕಾಡಿ ಒಂದು ಚಾವಿ ಮುಂದೆ ತಳ್ಳಿದ್ದ, ಅಷ್ಟೆ.

"ಭಾವಾ! ನನ್ನ ಗಿರಾಕಿ ಎಲ್ಲಿ?" ಎಂದು ರಮಾನಂದ ಕೂಗಿದ.

"ಮೆಲ್ಲ ಮಾತಾಡು ಭಾವಾ," ಎಂದ ಮಹಾಬಲ, ಕಣ್ಣು ಮುಚ್ಚಿಕೊಂಡೇ. "ನಂಗೆ ಎಚ್ಚರ ಆಗ್ತದೆ."

ಮರುದಿನ ಬೆಳಿಗ್ಗೆ ಹಂಪಿಹೊಳಿಯವರು ಮೈಮುರಿಯುತ್ತ ಹೊರಗೆ ಬಂದರು. ಹೊಸ ಮದುಮಗನಂತೆ ಕಳೆಕಳೆಯಾಗಿದ್ದರು. "ರೂಮಿನ್ಯಾಗ ಜೇಡರ ಬಲಿ ಕಟ್ಟೇತಿ, ನಳಾ ಸೋರತೈತಿ. ಆದ್ರ ಒಬ್ಬರೂ ಬಂದು ಏನೂ ಕೇಳಲಿಲ್ಲ! ನಮ್ಮ ಗಿರಾಕಿಗಳು ವರ್ಷಾ ಇಡೀ ಆಫೀಸಿನ್ಯಾಗ ಮಾತಾಡಿ ಮಾತಾಡಿ ಸತ್ತಿರತಾರ. ಅವರಿಗೆ ಇಂಥಾದ್ದ ಬೇಕಾಗೇತಿ," ಎಂದು ಮಹಾಬಲನ ಲಾಡ್ಜನ್ನೇ ಗೊತ್ತು ಮಾಡಿದರು. ಒಂದೇ ಕರಾರು: ಗಲ್ಲೆಯ ಮೇಲೆ ಕೂತವರು ಗಿರಾಕಿಗಳ ಜೊತೆ ತುಟಿ ಪಿಟಕ್ಕೆನ್ನಬಾರದು.

ಮಳೆಗಾಲ ಮುಗಿದದ್ದೇ ತಡ, ಬಸ್ಸುಗಳು ಬಂದವು. ಕಂಪ್ಯೂಟರಿನವರು, ಬ್ಯಾಂಕಿನವರು, ಹೊಸದಾಗಿ ಮದುವೆಯಾದವರು, ಬಿಳಿ ಚರ್ಮದವರು, ಎಲ್ಲರೂ ಸದ್ದಿಲ್ಲದೆ ಬಂದು ಸದ್ದಿಲ್ಲದೆ ಇದ್ದು ಹೋದರು. ರಮಾನಂದ ತನ್ನ ಖಾಲಿ ಜಗಲಿಯಲ್ಲಿ ನಿಂತು ಎದುರಿನ ಸಡಗರ ನೋಡುತ್ತಿದ್ದ. ಹೊಟ್ಟೆ ಉರಿಯಿತು ಎಂದರೆ ಕಡಿಮೆಯಾಯಿತು.

ಒಂದು ಮಧ್ಯಾಹ್ನ ಮಹಾಬಲ ಕಂಕುಳಲ್ಲಿ ತಲೆದಿಂಬು ಇಟ್ಟುಕೊಂಡು ರಸ್ತೆ ದಾಟಿ ಬಂದ. ಕಣ್ಣು ಒಳಗೆ ಹೋಗಿದ್ದವು, ಮುಖ ಒಣಗಿತ್ತು.

"ಭಾವಾ, ಒಂದು ರೂಮು ಕೊಡು. ಒಬ್ಬ ಚಾವಿ ಕೇಳ್ತ, ಒಬ್ಬ ಚಾವಿ ಕೊಡ್ತ. ಬಸ್ಸು ಬರೂಕೆ ಶುರುವಾದ್ಮೇಲೆ ನಾ ಕಣ್ಣು ಮುಚ್ಚಿದ್ದೇ ಇಲ್ಲ. ನಿನ್ನ ಲಾಡ್ಜಿಗೆ ಯಾರೂ ಬರೂದಿಲ್ಲ ಅಲ್ದಾ? ನಿದ್ದೆಗೆ ಇಂಥಾ ಜಾಗ ಜಿಲ್ಲೇಲೇ ಇಲ್ಲ."

ಕಾಯಂ ಗಿರಾಕಿ! ರಮಾನಂದ ಖುಷಿಯಿಂದ ಬಾಡಿಗೆಯ ಮಾತು ಎತ್ತಬೇಕೆನ್ನುವಷ್ಟರಲ್ಲಿ ಮಾಲತಿ ಬಾಗಿಲಲ್ಲಿ ನಿಂತಿದ್ದಳು.

"ಒಡಹುಟ್ಟಿದ ಅಣ್ಣನ ಹತ್ರ ಬಾಡಿಗೆ ಕೇಳ್ತ್ರಾ? ಮರ್ಯಾದೆ ಬೇಡ್ವಾ ನಿಮ್ಗೆ?" ಎಂದಳು. ಅಣ್ಣನಿಗೆ ಹಾಸಿಗೆ ಹಾಸಿಕೊಟ್ಟು ಮತ್ತೆ ಹೊರಗೆ ಬಂದಳು. "ಅಲ್ಲಾ, ಅಣ್ಣ ಇಲ್ಲಿ ಮಲಗಿದ್ರೆ ಅಲ್ಲಿ ಗಲ್ಲೆ ಮೇಲೆ ಯಾರು?"

ಜಗಲಿಯಲ್ಲಿ ರಮಾನಂದ ಒಬ್ಬನೇ ಇದ್ದ.

ಆ ಸಂಜೆಯೇ ಭಾವನ ಗಲ್ಲೆಯ ಮೇಲೆ ಕೂತ ರಮಾನಂದನ ಮುಂದೆ ಗದಗಿನ ಕಡೆಯ ಒಂದು ಮುದಿ ಜೋಡಿ ಬಂದು ನಿಂತಿತು. ಅವರ ಮುಖದ ತುಂಬ ನಗು.

"ಈ ಊರಾಗ ನೋಡೂವಂಥಾದ್ದು ಏನೇನು ಐತ್ರಿ?" ಎಂದರು ಯಜಮಾನರು. "ಇಡಗುಂಜಿಗೆ ಹ್ಯಾಂಗ ಹೋಗಬೇಕು? ಊಟಕ್ಕ ಏನು ಚೊಲೋ ಸಿಗತೈತಿ? ನಮಗ ಅವಸರ ಇಲ್ಲ, ಕುಂತು ಹೇಳ್ರಿ. ಬಂದಾಗಿಂದ ಒಬ್ಬರೂ ಮಾತಾಡವಲ್ರು ನೋಡ್ರಿ."

ರಮಾನಂದನ ಗಂಟಲಲ್ಲಿ ಇಡಗುಂಜಿ, ಧಾರೇಶ್ವರ, ಹೊನ್ನಾವರದ ಸೇತುವೆ, ನರ್ಮದಕ್ಕನ ಅಡಿಗೆ, ಎಲ್ಲವೂ ಒಟ್ಟಿಗೆ ಬಂದು ಸಿಕ್ಕಿಕೊಂಡವು. ಬಾಯಿ ತೆರೆದ. ರಸ್ತೆಯಾಚೆ ಜಗಲಿಯಲ್ಲಿ ಮಾಲತಿ ಇತ್ತಲೇ ನೋಡುತ್ತ ನಿಂತಿದ್ದಳು. ಬಾಯಿ ಮುಚ್ಚಿದ. ಚಾವಿಯನ್ನು ಮುಂದಕ್ಕೆ ತಳ್ಳಿದ.

ಅಜ್ಜಿಗೆ ಕರುಳು ಚುರುಕ್ಕೆಂದಿತು. "ಅಯ್ಯ ಪಾಪ, ಇವರಿಗೆ ಮಾತು ಬರೂದಿಲ್ಲ ಕಾಣತೈತಿ," ಎಂದರು ಗಂಡನ ಕಡೆ ತಿರುಗಿ. "ಇಂಥಾವ್ರಿಗೆ ಕೆಲಸಾ ಕೊಟ್ಟಾನಲ್ಲ, ಈ ಲಾಡ್ಜಿನ ಮಾಲಕ ದೇವರಂಥಾ ಮನಷ್ಯಾ ಬಿಡ್ರಿ. ಹೌದಲ್ಲೋ ತಮ್ಮಾ?"

ರಮಾನಂದ ಹೌದೆಂದು ತಲೆಯಾಡಿಸಿದ.