ರಾಜ ಕೆಲ್‌ಬ್ರಾಂಡನ ಗಡ್ಡ

“ಈ ಸಲ ರಾಜ ಕೆಲ್‌ಬ್ರಾಂಡ್ ನಾನೇ! ಭೂಮಿ ತಲೆಕೆಳಗಾದ್ರೂ ಸರಿ, ನಾನೇ!”

ಹೀಗೆಂದು ರೂಪರ್ಟ್ ಗ್ರಿಮ್‌ಶಾ ಘೋಷಿಸಿದ್ದು ಸಿಂಹಾಸನದ ಮೇಲಿಂದಲ್ಲ. ಹ್ಯಾಲಿಫ್ಯಾಕ್ಸ್‌ನ ತನ್ನ ಮನೆಯ ಅಡುಗೆಕೋಣೆಯ ಸ್ಟೂಲಿನ ಮೇಲಿಂದ, ಕೈಯಲ್ಲೊಂದು ಟೋಸ್ಟ್ ಎತ್ತಿ ಹಿಡಿದು. ಹೆಂಡತಿ ಮೇವಿಸ್ ಪತ್ರಿಕೆಯಿಂದ ತಲೆ ಎತ್ತಲಿಲ್ಲ.

“ರಾಜ ಆಗೋಕ್ ಮುಂಚೆ ಕಸದ ಡಬ್ಬಿ ಹೊರಗಿಡು. ಇವತ್ತು ಗಾಡಿ ಬರುತ್ತೆ.”

ಕೆಲ್‌ಬ್ರಾಂಡ್ ಎಂದರೆ ಸಾಮಾನ್ಯನಲ್ಲ. ಐದು ಸಂಪುಟ, ಮೂರು ಸಾವಿರ ಚಿಲ್ಲರೆ ಪುಟಗಳ ಮಾಯಾಲೋಕದ ಕಾದಂಬರಿಗೆ ಅವನೇ ನಾಯಕ. ಡ್ರ್ಯಾಗನ್‌ಗಳನ್ನು ಸೌತೆಕಾಯಿಯಂತೆ ಹೆಚ್ಚುವವನು, ಯಾರ ಮುಂದೆಯೂ ಮಂಡಿಯೂರದವನು. ರೂಪರ್ಟನೋ ಶೂ ಅಂಗಡಿಯಲ್ಲಿ ಗಿರಾಕಿಗಳ ಕಾಲಿನ ಅಳತೆ ತೆಗೆಯುವವನು. ವಾರಕ್ಕೆ ಐದು ದಿನ ಮಂಡಿಯೂರುವುದೇ ಅವನ ಕಸುಬು! ಆರನೆಯ ದಿನವಾದರೂ ರಾಜನಾಗಬೇಕೆಂಬ ಆಸೆ ತಪ್ಪೇ?

ತಪ್ಪಲ್ಲ. ಆದರೆ ಊರಿನ ಅಭಿಮಾನಿ ಬಳಗದಲ್ಲಿದ್ದ ಒಂಬತ್ತು ಜನರಲ್ಲಿ ಎಂಟು ಜನರಿಗೂ ಅದೇ ಆಸೆ. ಪ್ರತಿ ಬೇಸಿಗೆಯಲ್ಲಿ ಕಾದಂಬರಿಯ ಒಂದು ಅಧ್ಯಾಯವನ್ನು ಇವರು ಚರ್ಚ್ ಹಾಲಿನಲ್ಲಿ ಆಡುತ್ತಿದ್ದರು. ಯಾರಿಗೆ ಯಾವ ಪಾತ್ರ ಬೇಕೆಂದು ಚೀಟಿ ಬರೆದು ಹಾಕಿ ಎಂದರು ಬಳಗದ ಅಧ್ಯಕ್ಷೆ, ನಿವೃತ್ತ ಗ್ರಂಥಪಾಲಕಿ ಮಿಸ್ ಪೆಟಿಗ್ರೂ. ಪಬ್ಬಿನ ಮಹಡಿಯ ಮೇಲೆ ಚೀಟಿ ಬಿಚ್ಚಿ ಓದಿದರು.

“ಕೆಲ್‌ಬ್ರಾಂಡ್. ಕೆಲ್‌ಬ್ರಾಂಡ್. ಕೆಲ್‌ಬ್ರಾಂಡ್... ಅಲ್ರೀ, ಎಂಟು ಜನ ರಾಜರು! ಇನ್ನೊಂದು ಚೀಟಿ ನಂದೇ, ಮಾಟಗಾತಿದು. ಇನ್ನು ಪ್ರಜೆಗಳು ಯಾರು?”

“ಡಗ್ಲಸ್ ಆಗ್ಲಿ, ಅವನಿಗೆ ಪ್ರಜೆ ಮುಖ ಇದೆ,” ಎಂದ ರೂಪರ್ಟ್.

“ನಿನ್ ಮುಖ ನೋಡ್ಕೊಂಡಿದೀಯಾ? ಕೆಲ್‌ಬ್ರಾಂಡ್‌ಗೆ ಸೊಂಟದವರೆಗೂ ಕೆಂಪು ಗಡ್ಡ ಕಣಪ್ಪಾ! ನಿಂಗಿರೋದು ಮೀಸೆ ಒಂದೇ, ಅದೂ ಹಲ್ಲುಜ್ಜೋ ಬ್ರಷ್ ಥರ!” ಎಂದ ಡಗ್ಲಸ್. ಅವನು ಮಾಂಸದಂಗಡಿಯವನು, ಮಾತನ್ನೂ ಕತ್ತರಿಸಿಯೇ ಕೊಡುತ್ತಿದ್ದ.

ಕೊನೆಗೆ ಮಿಸ್ ಪೆಟಿಗ್ರೂ ತೀರ್ಪಿತ್ತರು: ಶನಿವಾರ ಎಲ್ಲರೂ ವೇಷ ಹಾಕಿ ಬರಲಿ, ಯಾರ ವೇಷ ಮೇಲೋ ಅವರೇ ರಾಜ.

ಶನಿವಾರ ಬೆಳಗ್ಗೆ ರೂಪರ್ಟನ ಬಳಿ ಕತ್ತಿಯಿತ್ತು, ಕಿರೀಟವಿತ್ತು, ಪರದೆಬಟ್ಟೆಯ ನಿಲುವಂಗಿಯಿತ್ತು. ಗಡ್ಡ ಮಾತ್ರ ಇರಲಿಲ್ಲ. ಮನೆಯೆಲ್ಲ ಜಾಲಾಡುತ್ತ ಮೇವಿಸಳ ಬೀರು ತೆರೆದ. ಅಲ್ಲಿತ್ತು, ಬೆಂಕಿಯ ಬಣ್ಣದ ತುಪ್ಪಳ! ಅತ್ತೆಯ ನರಿಯ ಹೆಗಲುವಸ್ತ್ರ. ತಲೆ, ಬಾಲ, ಎರಡು ಗಾಜಿನ ಕಣ್ಣು ಸಮೇತ ಇಡೀ ನರಿ. ಅಸ್ತರು ಹೊಲಿಯಲೆಂದು ಮಗಳಿಗೆ ಕೊಟ್ಟಿದ್ದರು. ತೀರಿಹೋದ ಮಾವ ತಮ್ಮ ಮದುವೆಯಲ್ಲಿ ಅತ್ತೆಗೆ ಕೊಟ್ಟಿದ್ದ ಏಕೈಕ ಉಡುಗೊರೆ ಅದು.

‘ಒಂದೇ ಗಂಟೆ. ಆಮೇಲೆ ಹೇಗಿತ್ತೋ ಹಾಗೇ ಇಟ್ಟುಬಿಡೋದು!’ ಎಂದುಕೊಂಡ. ನರಿಯಿಂದ ತುಪ್ಪಳವನ್ನಷ್ಟೇ ಅಲ್ಲ, ಬುದ್ಧಿಯನ್ನೂ ಎರವಲು ಪಡೆದಿದ್ದ! ತಲೆಯನ್ನು ಒಳಕ್ಕೆ ಮಡಚಿ, ಬಾಲವನ್ನು ಇಳಿಬಿಟ್ಟು, ಶೆಡ್ಡಿನಿಂದ ಅಂಟಿನ ಡಬ್ಬಿ ತಂದ. ‘ಮರ, ಕಲ್ಲು, ಲೋಹಕ್ಕೆ’ ಎಂದು ಡಬ್ಬಿಯ ಮೇಲೆ ಬರೆದಿತ್ತು. ಮುಖಕ್ಕೆ ಎಂದು ಬರೆದಿರಲಿಲ್ಲ. ಬೇಡ ಎಂದೂ ಬರೆದಿರಲಿಲ್ಲ!

ಹತ್ತು ನಿಮಿಷದಲ್ಲಿ ಕನ್ನಡಿಯೊಳಗೆ ಸಾಕ್ಷಾತ್ ಕೆಲ್‌ಬ್ರಾಂಡ್ ನಿಂತಿದ್ದ. ಹದಿನೈದನೆಯ ನಿಮಿಷಕ್ಕೆ ಬಾಗಿಲಲ್ಲಿ ಮೇವಿಸ್ ನಿಂತಿದ್ದಳು.

“ರೂಪರ್ಟ್. ಅದು ಅಮ್ಮನ ನರಿ.”

“ಗಡ್ಡ ಇದು, ಚಿನ್ನ...”

“ಇವತ್ತೇ ಅದನ್ನ ತಗೊಂಡ್ ಹೋಗೋಕೆ ಅಮ್ಮ ಬರ್ತಿದಾರೆ! ನಾಳೆ ನಾಮಕರಣಕ್ಕೆ ಹಾಕೋಬೇಕಂತೆ! ತೆಗಿ ಈಗ್ಲೇ!”

ತೆಗೆಯಹೋದ. ನರಿ ಬರಲಿಲ್ಲ, ಕೆನ್ನೆ ಬಂತು. ಮೇವಿಸ್ ಬೆಣ್ಣೆ ಹಚ್ಚಿದಳು, ವಿನೆಗರ್ ಸುರಿದಳು, ಹೇರ್ ಡ್ರೈಯರ್ ಹಿಡಿದಳು. ಬಿಸಿಗೆ ಅಂಟು ಇನ್ನಷ್ಟು ಬಿಗಿಯಿತು. ಗಂಡಹೆಂಡಿರ ನಂಟಿಗಿಂತ ಈ ಅಂಟೇ ಗಟ್ಟಿ!

“ಇಪ್ಪತ್ತೆರಡು ವರ್ಷ ನಿನ್ ಜೊತೆ ಬಾಳಿದೀನಿ, ನಂಗೊಂದು ಪದಕ ಕೊಡ್ಬೇಕು,” ಎಂದು ಮೇವಿಸ್ ಸಿಂಕಿಗೆ ಒರಗಿ ನಿಂತಳು.

ಆಗಲೇ ಫೋನು ರಿಂಗಣಿಸಿತು. ಡಗ್ಲಸ್!

“ರೂಪರ್ಟ್, ನಿನ್ ಹತ್ರ ಒಳ್ಳೇ ಅಂಟು ಇದ್ಯೇನೋ? ನನ್ ಗಡ್ಡ ನಿಲ್ತಾನೇ ಇಲ್ಲ ಕಣೋ!”

ಗಡ್ಡಕ್ಕೆ ಬೆಂಕಿ ಬಿದ್ದವನ ಹತ್ತಿರ ಬೀಡಿಗೆ ಕಿಡಿ ಕೇಳಿದರಂತೆ! ರೂಪರ್ಟ್ ಫೋನು ಕುಕ್ಕಿದ. ಹೊರಗೆ ಟ್ಯಾಕ್ಸಿಯ ಬಾಗಿಲು ಬಡಿದ ಸದ್ದಾಯಿತು.

“ಅಮ್ಮ!” ಮೇವಿಸ್ ಪಿಸುಗುಟ್ಟಿದಳು. “ಹಿಂದಿನ ಬಾಗಿಲಿಂದ ಓಡು!”

ಡ್ರ್ಯಾಗನ್‌ಗಳಿಗೆ ಹೆದರದ ಕೆಲ್‌ಬ್ರಾಂಡ್ ಬೇಲಿ ಹಾರಿ ಓಡಿದ.

ಚರ್ಚ್ ಹಾಲಿನಲ್ಲಿ ಆಗಲೇ ಏಳು ಜನ ರಾಜರು ಸೇರಿದ್ದರು. ಒಬ್ಬನದು ಉಲ್ಲನ್ ಗಡ್ಡ, ಒಬ್ಬನದು ನೆಲ ಒರೆಸುವ ಮಾಪಿನದು. ಡಗ್ಲಸ್ ತನ್ನ ಗಡ್ಡವನ್ನು ಕೈಯಲ್ಲೇ ಹಿಡಿದುಕೊಂಡಿದ್ದ. ಮಿಸ್ ಪೆಟಿಗ್ರೂ ಒಬ್ಬೊಬ್ಬರನ್ನೇ ನೋಡುತ್ತ ಬಂದು ರೂಪರ್ಟನ ಮುಂದೆ ನಿಂತುಬಿಟ್ಟರು.

“ಅಬ್ಬಾ! ಎಷ್ಟು ಸಹಜ! ಬುಡದಿಂದಲೇ ಬೆಳೆದ ಹಾಗಿದೆ!”

“ಹಾಗೇ ಆಗಿದೆ ಮೇಡಂ,” ಎಂದ ರೂಪರ್ಟ್ ಸತ್ಯವನ್ನೇ.

ಅವರು ಬಳಗದ ಅಸಲಿ ಕಿರೀಟ ಕೈಗೆತ್ತಿಕೊಂಡಿದ್ದರು. ಇನ್ನೊಂದು ಉಸಿರಿನಲ್ಲಿ ಪಟ್ಟಾಭಿಷೇಕ! ಅಷ್ಟರಲ್ಲಿ ಬಾಗಿಲು ದಢಾರೆಂದು ತೆರೆಯಿತು. ಮಿಸೆಸ್ ಆರ್ಕ್‌ರೈಟ್, ಎಪ್ಪತ್ತೊಂಬತ್ತು ವರ್ಷ, ಕೈಯಲ್ಲಿ ಕೊಡೆ. ಅಳಿಯನಾಗಿ ಇಷ್ಟು ವರ್ಷವಾದರೂ ರೂಪರ್ಟ್ ‘ಮಿಸೆಸ್’ ಬಿಟ್ಟು ಅವರನ್ನು ಕರೆಯುವ ಧೈರ್ಯ ಮಾಡಿರಲಿಲ್ಲ. ಹಿಂದೆ ಮೇವಿಸ್, ಸುಳ್ಳು ಹೇಳಲು ಬಾರದ ಮುಖ ಹೊತ್ತು.

“ಎಲ್ಲಿ ನನ್ ನರಿ?”

ಎಂಟು ಗಡ್ಡಗಳು ನಡುಗಿದವು. ಅದೇ ಹೊತ್ತಿಗೆ ರೂಪರ್ಟನ ಗಲ್ಲದ ಕೆಳಗಿನ ಮಡಿಕೆ ಸಡಿಲಿ, ಒಂದು ಗಾಜಿನ ಕಣ್ಣು ಇಣುಕಿತು.

“ಮಿಸೆಸ್ ಆರ್ಕ್‌ರೈಟ್, ನಾನು ವಿವರಿಸ್ತೀನಿ...”

“ನೀನು ಬಾಯ್ಮುಚ್ಚು. ನರಿ ಬಿಡು!”

ಬಾಲ ಹಿಡಿದು ಒಮ್ಮೆ ಎಳೆದರು. ರೂಪರ್ಟ್ ಬಂದ. ಎರಡನೆಯ ಸಲಕ್ಕೆ ಕಣ್ಣೀರು ಬಂತು. ಮೂರನೆಯ ಸಲಕ್ಕೆ ನರಿ ಬಂತು, ಜೊತೆಗೆ ಮೀಸೆಯೂ!

ಅವರು ಬೆಣ್ಣೆ ಮೆತ್ತಿದ ನರಿಯನ್ನು ಎದೆಗವುಚಿಕೊಂಡು ಸವರಿದರು. ಒಂದು ಕ್ಷಣ ಅವರ ತುಟಿ ಅದುರಿತು. ರೂಪರ್ಟನಿಗೆ ಉರಿಯುವ ಮುಖಕ್ಕಿಂತ ಅದು ಹೆಚ್ಚು ಚುರುಕ್ಕೆಂದಿತು. “ಕ್ಷಮಿಸಿ. ನಿಜವಾಗ್ಲೂ,” ಎಂದ. ಅವರು ಕಣ್ಣೊರೆಸಿಕೊಂಡು ಕೊಡೆ ಎತ್ತಿದರು.

“ನಾಚಿಕೆ ಆಗಲ್ವೇನ್ರೋ? ತಲೆ ನರೆತಿದೆ, ಆಟ ಆಡ್ತೀರಾ? ಬೆನ್ನು ನೆಟ್ಟಗೆ! ಟೋಪಿ ತೆಗೀರಿ! ಏಯ್ ಮಾಂಸದಂಗಡಿ, ನಿಂಗೂ ಹೇಳಿದ್ದು!”

ಎಂಟೂ ಕಿರೀಟಗಳು ಕೆಳಗಿಳಿದವು. ಡಗ್ಲಸನ ಮಂಡಿ ತಾನಾಗಿ ನೆಲ ಮುಟ್ಟಿತು. ಮಿಸ್ ಪೆಟಿಗ್ರೂ ಮೈಮರೆತು ನೋಡುತ್ತಿದ್ದರು.

“ಇದೇ! ಇದೇ ಕೆಲ್‌ಬ್ರಾಂಡ್! ಗಡ್ಡ ಯಾರ್ ಬೇಕಾದ್ರೂ ಅಂಟಿಸ್ಕೋಬಹುದು, ಈ ಗತ್ತು ಎಲ್ಲಿ ಸಿಗುತ್ತೆ? ತಾಯೀ, ನೀವು ನಮ್ ರಾಜ ಆಗ್ತೀರಾ?”

ಮಿಸೆಸ್ ಆರ್ಕ್‌ರೈಟ್ ಕೊಡೆ ಇಳಿಸಿದರು. ನರಿಯನ್ನು ಹೆಗಲಿಗೆ ಹಾಕಿಕೊಂಡರು. ಮಿಸ್ ಪೆಟಿಗ್ರೂ ಚಾಚಿದ ಕಿರೀಟವನ್ನು ತಿರುಗಿಸಿ ನೋಡಿದರು.

“ರಾಜ ಅಂದ್ಮೇಲೆ ಕುದುರೆ ಇರ್ಬೇಕಲ್ಲ?”

ಇತ್ತು. ಇಬ್ಬರು ಒಳಗೆ ಹೊಕ್ಕು ನಡೆಯಬೇಕಾದ ಬಟ್ಟೆಯ ಕುದುರೆ. ಮುಂದಿನ ಅರ್ಧಕ್ಕೆ ಡಗ್ಲಸ್ ಆಗಲೇ ತಲೆ ತೂರಿಸಿದ್ದ. ಉಳಿದ ಅರ್ಧವನ್ನು ಹಿಡಿದು ಮಿಸ್ ಪೆಟಿಗ್ರೂ ರೂಪರ್ಟನತ್ತ ತಿರುಗಿದರು.

ಕುದುರೆಯ ಹಿಂದೆ ನಿಲ್ಲಬೇಡ ಎನ್ನುತ್ತಾರೆ ಹಿರಿಯರು. ಕುದುರೆಯ ಹಿಂಭಾಗವೇ ಆಗಬೇಕಾಗಿ ಬಂದರೆ ಏನು ಮಾಡಬೇಕೆಂದು ಯಾವ ಹಿರಿಯರೂ ಹೇಳಿಲ್ಲ! ಕತ್ತಲಲ್ಲಿ, ಡಗ್ಲಸನ ಸೊಂಟ ಹಿಡಿದು ಬಾಗಿದ್ದ ರೂಪರ್ಟನ ಬೆನ್ನನ್ನು ಹೊರಗಿನಿಂದ ಯಾರೋ ತಟ್ಟಿದರು. ಮೇವಿಸಳ ದನಿ.

“ರೂಪರ್ಟ್, ಕೇಳಿಸ್ತಿದ್ಯಾ? ಬಾಲ ಅಲ್ಲಾಡ್ಸೋಕಾದ್ರೂ ಬರುತ್ತಾ ಅಂತ ಕೇಳ್ತಿದಾರೆ ಅಮ್ಮ.”