ಸಿಳ್ಳಾರಗಳ ಹಾಜರಿ

ನನ್ನ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ಇಡೀ ಕಾರ್ಕಳವೇ ಹೇಳುತ್ತಿತ್ತು. ತಲೆ ಕೆಟ್ಟವರು ಅಷ್ಟು ಅಚ್ಚುಕಟ್ಟಾಗಿ ಹಾಜರಿ ಹಾಕುತ್ತಾರೆಯೇ?

ಮಾವ ಶಾಲೆಯ ಮಾಸ್ತರರು. ದಿನಾ ಬೆಳಗ್ಗೆ ಶಾಲೆಗೆ ಮುಂಚೆ ಗುಡ್ಡ ಹತ್ತಿ, ನೀರು ಹರಿಯುವ ತೋಡಿನ ಬದಿಯ ಮರಗಳಲ್ಲಿ ಥೇಟ್ ಮನುಷ್ಯರಂತೆ ಸಿಳ್ಳೆ ಹಾಕುವ ಸಿಳ್ಳಾರ ಹಕ್ಕಿಗಳ ಹಾಜರಿ ತೆಗೆದುಕೊಳ್ಳುತ್ತಿದ್ದರು. ಹಾಜರಿ ಪುಸ್ತಕ, ಕೆಂಪು ಶಾಯಿ, ಎಲ್ಲವೂ ಕ್ರಮಪ್ರಕಾರ! ಐವತ್ತರ ದಶಕದ ಮೊದಲಿಗೆ ಹನ್ನೊಂದು ಇದ್ದವು. ಹಂಚಿನ ಕಾರ್ಖಾನೆಗೆ ಸೌದೆ ಬೇಕೆಂದು ಲಾರಿಗಳು ಗುಡ್ಡ ಹತ್ತಿದ ಮೇಲೆ ಏಳಾದವು, ಐದಾದವು.

ಮಾವ ಸುಮ್ಮನಿರುವ ಜನವೇ? ಸೌದೆ ಗುತ್ತಿಗೆದಾರನ ಜಗಲಿಗೆ ಹೋಗಿ ಕುಳಿತರು.

“ಆರು ಜನ ಗೈರುಹಾಜರು. ರಜೆ ಅರ್ಜಿ ಎಲ್ಲಿ ಉಂಟು?”

“ಎಂತ ಮಾಷ್ಟ್ರೇ, ನನಗಿರುವುದು ಒಬ್ಬನೇ ಮಗ. ಅವನು ಇವತ್ತೂ ನಿಮ್ಮ ಶಾಲೆಗೆ ಬಂದಿದ್ದನಲ್ಲ.”

ಆ ಸಿಟ್ಟನ್ನು ಮಾವ ಅವನ ಮಗನ ಬೆನ್ನಿನ ಮೇಲೆ ತೀರಿಸಲಿಲ್ಲ, ಅದೇ ಆಶ್ಚರ್ಯ.

ಮುಂದಿನ ಸರದಿ ನನ್ನದು. ಅಂಬಲಪಾಡಿಯ ನಮ್ಮ ಮನೆಯ ಮುಳಿಹುಲ್ಲಿನ ಮಾಡು ತೆಗೆಸಿ ಹಂಚು ಹೊದಿಸಿ, ನೆಂಟರಿಗೆಲ್ಲ ಊಟ ಹಾಕಿಸಿದೆ. ಮಾವ ಒಳಗೆ ಬರಲೇ ಇಲ್ಲ. ಸುಡುಬಿಸಿಲಿನ ಅಂಗಳದಲ್ಲಿ ಎಲೆ ಹಾಕಿಸಿಕೊಂಡರು.

“ಮಾವ, ಎಲ್ಲರೂ ನೋಡ್ತಾ ಇದ್ದಾರೆ.”

“ನೋಡಲಿ. ನಿನ್ನ ಹಂಚು ಸುಟ್ಟದ್ದು ನನ್ನ ಗುಡ್ಡದ ಮರದಲ್ಲಿ. ಅದರ ನೆರಳು ನನಗೆ ಬೇಡ. ಪಾಯಸ ಬಡಿಸು.”

ಮೈಯೆಲ್ಲ ಉರಿಯಿತು! ಸೋರದ ಮಾಡು ಬೇಕೆಂದದ್ದು ಅಪರಾಧವೇ? ಎರಡು ವರ್ಷ ಮಾತು ಬಿಟ್ಟೆ. ಈಗ ಉರಿಯುವುದು ಬೇರೆ ಕಾರಣಕ್ಕೆ. ಗುಡ್ಡವನ್ನೇ ಬೋಳಿಸಿದವರು ಬುದ್ಧಿವಂತರು, ಹೋದವರ ಲೆಕ್ಕ ಇಟ್ಟವನು ಹುಚ್ಚ! ಹಾಗೆಂದವರಲ್ಲಿ ನಾನೂ ಒಬ್ಬ.

ಅರವತ್ತರ ದಶಕದಲ್ಲಿ ಒಮ್ಮೆ, ಮೊದಲ ಮಳೆ ಬಿದ್ದ ಮರುದಿನ, ಮಾವ ನನ್ನನ್ನು ಗುಡ್ಡಕ್ಕೆ ಕರೆದೊಯ್ದರು.

“ನನ್ನ ಕಿವಿ ಹೋಗಿರಬೇಕು ಅಳಿಯ. ಹೋದ ವರ್ಷದಿಂದ ಒಂದೂ ಕೇಳುವುದಿಲ್ಲ. ನೀನು ಕೇಳಿ ಹೇಳು.”

ಅವರು ತಮ್ಮಲ್ಲಿ ಕೊರತೆ ಉಂಟೆಂದು ಒಪ್ಪಿದ್ದು ಅದೇ ಮೊದಲು. ಕಿವುಡಾಗಿರಲಿ ಎಂದು ಆಸೆಪಡುವ ಮುಖವನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಬಹಳ ಹೊತ್ತು ಕೇಳಿದೆ. ಏನೂ ಇರಲಿಲ್ಲ.

“ಎರಡು ಉಂಟು ಮಾವ. ತೋಡಿನ ಆಚೆ.”

ಅವರು ಎರಡು ಹಾಜರಿ ಹಾಕಿದರು.

ಇಳಿಯುವಾಗ ತಿರುವಿನಲ್ಲಿ ತಟ್ಟನೆ ನಿಂತು, “ಬದಿಗೆ ಬಾ, ಕೆಳಗೆ ಲಾರಿ ಬರ್ತಾ ಉಂಟು,” ಎಂದು ನನ್ನ ಕೈ ಹಿಡಿದು ಎಳೆದುಕೊಂಡರು. ನನಗೆ ಆ ಸದ್ದು ಇನ್ನೂ ಕೇಳಿಸಿರಲಿಲ್ಲ. ಲಾರಿ ಹೋದ ಮೇಲೂ ಮನೆ ಮುಟ್ಟುವವರೆಗೆ ಮಾವ ನನ್ನ ಕೈ ಬಿಡಲಿಲ್ಲ.